ಅಖಾಡವೋ, ಕವಾಯತು ಮೈದಾನವೋ: ಸೈನ್ಯದ ಕೈಕಾಳಗ ಮತ್ತು ಕಾದಾಟದ ಕ್ರೀಡೆಗಳಲ್ಲಿ ಯಾವುದನ್ನು ಕಲಿಯಬೇಕು?

ಅಮೆರಿಕದ ಭೂಸೇನೆಯಲ್ಲಿ ಕೈಕಾಳಗದ ಮೊದಲ ಹಂತದ ಕೋರ್ಸು 40 ಗಂಟೆಯದು. ಒಂದು ವಾರದಲ್ಲಿ ಮುಗಿಯುತ್ತದೆ. ಎರಡನೆಯ ಹಂತ 80 ಗಂಟೆ. ಇತ್ತ ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆಯಂತೆ ಬಾಕ್ಸಿಂಗ್‌ಗೆ ಹೋಗುವವರು ಆರು ತಿಂಗಳಲ್ಲಿ 117 ಗಂಟೆ ಮುಗಿಸಿರುತ್ತಾರೆ, ಆಗಲೂ ಜಿಮ್ಮಿನಲ್ಲಿ ಅವರು ಹೊಸಬರೇ. ಪ್ರಾಣ ಪಣಕ್ಕಿಡುವವನಿಗೆ ಒಂದು ವಾರ, ಪದಕಕ್ಕೆ ಸೆಣಸುವವನಿಗೆ ವರ್ಷಗಟ್ಟಲೆ. ಲೆಕ್ಕ ತಲೆಕೆಳಗಾಗಿ ಕಂಡರೂ ಸರಿಯಾಗಿಯೇ ಇದೆ. ಸೈನಿಕನ ಮುಖ್ಯ ಆಯುಧ ಮುಷ್ಟಿಯಲ್ಲ. ಗುರಿ ಹೊಡೆಯುವುದು, ನಕಾಶೆ ಓದುವುದು, ವೈರ್‌ಲೆಸ್ ಬಳಸುವುದು, ಗಾಯಾಳುವಿನ ರಕ್ತ ನಿಲ್ಲಿಸುವುದು, ಹೊರೆ ಹೊತ್ತು ನಡೆಯುವುದು, ತುಕಡಿಯಾಗಿ ಚಲಿಸುವುದು, ಇವೆಲ್ಲಕ್ಕೂ ಸಮಯ ಕೊಟ್ಟು ಮಿಕ್ಕಿದ್ದರಲ್ಲಿ ಕೈಕಾಳಗಕ್ಕೆ ಪಾಲು.

ಹೀಗಾಗಿ "ಯಾವುದು ಹೆಚ್ಚು ಘೋರ?" ಎಂದು ಕೇಳಿ ಆಯ್ಕೆ ಮಾಡಿದರೆ ಎಡವುವುದು ಖಂಡಿತ. ಪಟ್ಟುಗಳು ಬಹುಪಾಲು ಎರಡೂ ಕಡೆ ಒಂದೇ. ಅವನ್ನು ಯಾವ ಉದ್ದೇಶಕ್ಕೆ, ಯಾವ ಸ್ಥಿತಿಯಲ್ಲಿ, ಮೈಮೇಲೆ ಏನೇನು ಹೊತ್ತು ಬಳಸಬೇಕು ಎಂಬುದು ಬೇರೆ. ಆಯ್ಕೆ ಮಾಡುವವರು ಇದಕ್ಕಿಂತ ಮೊದಲು ನೋಡಬೇಕಾದದ್ದು ಒಂದಿದೆ: ಸೋಲಲು ಒಪ್ಪದ ಜೊತೆಗಾರನ ಮೇಲೆ ಎಷ್ಟು ಗಂಟೆ ಅಭ್ಯಾಸ ಸಿಗುತ್ತದೆ?

ಗೆಲುವು ಅಂದರೆ ಏನು

ಕ್ರೀಡೆಯಲ್ಲಿ ಎಲ್ಲವೂ ಮೊದಲೇ ಗೊತ್ತು. ಎದುರಾಳಿ ಒಬ್ಬನೇ, ತೂಕ ಹೆಚ್ಚುಕಡಿಮೆ ನಿಮ್ಮಷ್ಟೇ, ನೆಲ ಸಮತಟ್ಟು, ದಿನಾಂಕ ನಿಗದಿ. ಜೂಡೋ ಪಂದ್ಯ 4 ನಿಮಿಷ. ಒಲಿಂಪಿಕ್ ಕುಸ್ತಿ 3 ನಿಮಿಷದ ಎರಡು ಸುತ್ತು. ಒಲಿಂಪಿಕ್ ಬಾಕ್ಸಿಂಗ್ 3 ನಿಮಿಷದ ಮೂರು ಸುತ್ತು, ನಡುವೆ 1 ನಿಮಿಷದ ಬಿಡುವು. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎಯಲ್ಲಿ 5 ನಿಮಿಷದ ಮೂರು ಸುತ್ತು, ಪ್ರಶಸ್ತಿ ಪಂದ್ಯವಾದರೆ ಐದು. ರೆಫರಿ ಮಧ್ಯೆ ಬರುತ್ತಾನೆ, ವೈದ್ಯರು ಪಕ್ಕದಲ್ಲೇ ಇರುತ್ತಾರೆ, ಸಾಕೆನಿಸಿದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಪಂದ್ಯ ಮುಗಿಯಿತು.

ಸೈನಿಕ ಕೈಕೈ ಮಿಲಾಯಿಸುವ ಹೊತ್ತಿಗೆ ಯಾವುದೋ ಒಂದು ಕೆಟ್ಟಿದೆ ಎಂದೇ ಅರ್ಥ. ಬಂದೂಕು ಜಾಮ್ ಆಗಿದೆ, ಗುಂಡು ಮುಗಿದಿದೆ, ಕೋಣೆಯ ಬಾಗಿಲಲ್ಲೇ ಯಾರೋ ನಳಿಗೆಗೆ ಕೈ ಹಾಕಿದ್ದಾರೆ, ಇಲ್ಲವೇ ಎದುರಿಗಿರುವವನನ್ನು ಕೊಲ್ಲದೆ ಹಿಡಿಯಬೇಕಾಗಿದೆ. ಆಗ ಅವನ ಮುಂದಿರುವ ದಾರಿಗಳನ್ನು ಅಮೆರಿಕದ ಸೇನೆ ಮೂರಾಗಿ ವಿಂಗಡಿಸಿ ಕಲಿಸುತ್ತದೆ. ಒಂದು, ತಳ್ಳಿ ಅಂತರ ಮಾಡಿಕೊಂಡು ಮತ್ತೆ ಬಂದೂಕಿಗೆ ಹೋಗುವುದು. ಎರಡು, ಎದುರಾಳಿಯನ್ನು ಒಂದು ಕೈಯಲ್ಲಿ ಹತೋಟಿಗೆ ತಂದು ಪಿಸ್ತೂಲನ್ನೋ ಚಾಕುವನ್ನೋ ತೆಗೆಯುವುದು. ಮೂರು, ಮೈಗೆ ಮೈ ಹತ್ತಿಸಿ ಹಿಡಿದು ಕೆಡವಿ ಮುಗಿಸುವುದು. ಈ ಮೂರರಲ್ಲಿ ಕ್ರೀಡೆ ಕಲಿಸುವುದು ಮೂರನೆಯದನ್ನು ಮಾತ್ರ. ಅದನ್ನು ಸೈನ್ಯಕ್ಕಿಂತ ಎಷ್ಟೋ ಚೆನ್ನಾಗಿ ಕಲಿಸುತ್ತದೆ, ಆ ಮಾತು ಬೇರೆ.

ಸೈನಿಕ ಎದುರಾಳಿಯನ್ನು ಚಿತ್ ಮಾಡಲೇಬೇಕೆಂದಿಲ್ಲ. ಜೊತೆಗಾರರು ಬಂದೂಕು ಹಿಡಿದು ಬರುವ ತನಕ ಸಾಯದೆ ಉಳಿದರೆ ಅದೇ ಗೆಲುವು. ಇದು ಹಳೆಯ ಕಾಲದ ಮಾತೂ ಅಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಪಡೆಗಳು ಬಯನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ, ಹಿಡಿದು ನುಗ್ಗಿದ್ದವು. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಒಂದೂ ಗುಂಡು ಹಾರದೆ ಕೈಕಾಳಗದಲ್ಲೇ 20 ಭಾರತೀಯ ಯೋಧರು ಪ್ರಾಣ ಕೊಟ್ಟರು. ಹಾಗೆಂದು ಎಲ್ಲ ಹಳೆಯ ಪಾಠವೂ ಉಳಿದಿಲ್ಲ: ಅಮೆರಿಕದ ಭೂಸೇನೆ 2010ರಲ್ಲಿ ಮೂಲ ತರಬೇತಿಯಿಂದ ಬಯನೆಟ್ ಕವಾಯತನ್ನು ಕೈಬಿಟ್ಟಿತು.

ಮೈಮೇಲಿನ ಹೊರೆ ಪಟ್ಟನ್ನೇ ಬದಲಿಸುತ್ತದೆ

ಕುಸ್ತಿಯಲ್ಲಿ ಮೈಮೇಲೆ ಬಟ್ಟೆಯೂ ಹೆಚ್ಚಿರುವುದಿಲ್ಲ. ಸೈನಿಕನ ಹೆಲ್ಮೆಟ್ ಸುಮಾರು ಒಂದೂವರೆ ಕಿಲೋ, ರೈಫಲ್ ಮೂರರಿಂದ ನಾಲ್ಕು ಕಿಲೋ. ಗಟ್ಟಿ ಫಲಕಗಳಿರುವ ಗುಂಡುನಿರೋಧಕ ಜಾಕೆಟ್, ಗುಂಡಿನ ಮ್ಯಾಗಝಿನ್‌ಗಳು, ನೀರು, ರೇಡಿಯೋ ಸೇರಿದರೆ 20ರಿಂದ 30 ಕಿಲೋ ಆಗುತ್ತದೆ. ಬೆನ್ನುಚೀಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 40 ದಾಟುವುದೂ ಉಂಟು.

ಈ ಭಾರ ದಮ್ಮು ಕಸಿಯುವುದರ ಜೊತೆಗೆ ಕೆಲವು ಪಟ್ಟುಗಳನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಜಾಕೆಟ್ ಹಾಕಿದಾಗ ಭಾರವೆಲ್ಲ ಎದೆಮಟ್ಟಕ್ಕೆ ಏರುವುದರಿಂದ ಸಮತೋಲ ಬೇಗ ತಪ್ಪುತ್ತದೆ. ಎದುರಾಳಿಯನ್ನು ಸೊಂಟದ ಮೇಲೆ ಹೊತ್ತು ಎಸೆಯಲು ಬಗ್ಗಿದವನು ತಾನೇ ಮುಗ್ಗರಿಸುವ ಸಂಭವ ಹೆಚ್ಚು. ಎದೆಯ ಫಲಕ ನಡುವೆ ಬರುವುದರಿಂದ ಎದುರಾಳಿಯ ಸೊಂಟವನ್ನು ಬಿಗಿಯಾಗಿ ಅಪ್ಪಲು ಆಗುವುದಿಲ್ಲ. ಅಂಗಾತ ಬಿದ್ದರೆ ಬೆನ್ನಿನ ಸಾಮಾನಿನ ಮೇಲೆ ಆಮೆಯಂತೆ ಒದ್ದಾಡಬೇಕು, ಪಕ್ಕಕ್ಕೆ ಹೊರಳುವುದೇ ಒಂದು ಕೆಲಸ. ಹೆಲ್ಮೆಟ್ಟಿನ ಗಲ್ಲಪಟ್ಟಿ, ಜಾಕೆಟ್ಟಿನ ಹಿಂಬದಿಯ ಎಳೆಯುವ ಹಿಡಿ, ರೈಫಲಿನ ಪಟ್ಟಿ, ಇವೆಲ್ಲ ಎದುರಾಳಿಗೆ ಸಿಗುವ ಹಿಡಿತಗಳು. ಪಟ್ಟಿ ಕೊರಳಿಗೆ ಸುತ್ತಿಕೊಂಡರೆ ಎದುರಾಳಿ ಏನೂ ಮಾಡದೆಯೇ ಉಸಿರು ಕಟ್ಟುತ್ತದೆ. ಅದೇ ಹೆಲ್ಮೆಟ್ ಒಂದು ಉಪಕಾರವನ್ನೂ ಮಾಡುತ್ತದೆ: ತಲೆಗೆ ಗುದ್ದಿದವನ ಕೈ ಮುರಿಯುತ್ತದೆ.

ಕೈ ಮುರಿಯುವ ಮಾತು ಬಂದದ್ದರಿಂದ ಇಲ್ಲೇ ಹೇಳಬೇಕು. ಬಾಕ್ಸರ್ ಕೈಗೆ ನಾಲ್ಕೂವರೆ ಮೀಟರ್ ಪಟ್ಟಿ ಸುತ್ತಿ, ಮೇಲೆ 10 ಔನ್ಸ್, ಅಂದರೆ ಸುಮಾರು 283 ಗ್ರಾಂ ಗ್ಲೌಸ್ ಹಾಕುತ್ತಾನೆ. ಎಂಎಂಎ ಗ್ಲೌಸ್ 4 ಔನ್ಸ್. ಬರಿಗೈಯಲ್ಲಿ ಹಣೆಗೆ ಗುದ್ದಿದರೆ ಕಿರುಬೆರಳಿನ ಬುಡದ ಅಂಗೈಮೂಳೆ ಮುರಿಯುವುದು ತೀರಾ ಸಾಮಾನ್ಯ. ಆ ಮುರಿತಕ್ಕೆ 'ಬಾಕ್ಸರ್‌ನ ಮುರಿತ' ಎಂದೇ ಹೆಸರು, ಆದರೆ ಹೆಚ್ಚಾಗಿ ಆಗುವುದು ಬಾಕ್ಸಿಂಗ್ ಬಾರದವರಿಗೆ. ಕೈ ಮುರಿದ ಸೈನಿಕ ಮ್ಯಾಗಝಿನ್ ಬದಲಿಸಲಾರ, ಆದ್ದರಿಂದ ಸೈನ್ಯದ ಪಾಠದಲ್ಲಿ ಅಂಗೈಯ ಬುಡ, ಮೊಣಕೈ, ಮಂಡಿ ಇವುಗಳಿಗೆ ಹೆಚ್ಚು ಜಾಗ. ಬಾಕ್ಸಿಂಗ್ ಕಲಿತವರು ರಕ್ಷಣೆಯ ಬಗ್ಗೆಯೂ ಒಂದು ಸಂಗತಿ ನೆನಪಿಡಬೇಕು: ದಪ್ಪ ಗ್ಲೌಸಿನ ಹಿಂದೆ ಮುಖ ಮುಚ್ಚಿಕೊಂಡು ನಿಲ್ಲುವ ಉಪಾಯ ಬರಿಗೈಯಲ್ಲಿ ಅರ್ಧವೂ ಕೆಲಸ ಮಾಡದು, ಸಂದಿಯಲ್ಲೇ ಗುದ್ದು ನುಗ್ಗುತ್ತದೆ.

"ಮಾರಕ ಪಟ್ಟು" ಎಂಬ ಬಲೆ

ಸೈನ್ಯದ ಶೈಲಿ ಕಲಿಸುವುದಾಗಿ ಹೇಳುವವರ ಮಾಮೂಲಿ ವಾದ ಹೀಗಿರುತ್ತದೆ: ಕ್ರೀಡೆಯಲ್ಲಿ ಕಣ್ಣಿಗೆ ಚುಚ್ಚುವಂತಿಲ್ಲ, ಕಚ್ಚುವಂತಿಲ್ಲ, ತೊಡೆಸಂದಿಗೆ ಒದೆಯುವಂತಿಲ್ಲ, ಒಂದೊಂದೇ ಬೆರಳು ಹಿಡಿದು ಮುರಿಯುವಂತಿಲ್ಲ, ನಾವು ಅದನ್ನೇ ಕಲಿಸುತ್ತೇವೆ, ಆದ್ದರಿಂದ ನಮ್ಮದು ನಿಜವಾದ ಕಾಳಗ. ಎಂಎಂಎಯಲ್ಲಿ ಅವೆಲ್ಲ ನಿಷೇಧ ಎಂಬುದು ನಿಜ. ಆದರೆ ಕಣ್ಣಿಗೆ ಚುಚ್ಚುವುದನ್ನು ಜೊತೆಗಾರನ ಮೇಲೆ ಪೂರ್ತಿ ವೇಗದಲ್ಲಿ ಒಂದು ಸಲವೂ ಅಭ್ಯಾಸ ಮಾಡಲಾಗದು. ಅಭ್ಯಾಸವೇ ಇಲ್ಲದ ಏಟು, ಓಡಾಡುವ, ತಲೆ ತಗ್ಗಿಸುವ, ತಿರುಗಿ ಹೊಡೆಯುವ ಮನುಷ್ಯನ ಮೇಲೆ ಗುರಿ ಮುಟ್ಟುವುದು ಅದೃಷ್ಟವಿದ್ದರೆ.

ಈ ಗಂಟನ್ನು ಮೊದಲು ಬಿಡಿಸಿದವರಲ್ಲಿ ಜೂಡೋ ಹುಟ್ಟುಹಾಕಿದ ಜಪಾನಿನ ಜಿಗೋರೋ ಕಾನೋ ಮುಖ್ಯರು. 1882ರಲ್ಲಿ ಕೊಡೊಕಾನ್ ಶಾಲೆ ತೆರೆದ ಅವರು ಜಪಾನಿನ ಹಳೆಯ ಕೈಕಾಳಗವಾದ ಜುಜುತ್ಸುವಿನ ತೀರಾ ಅಪಾಯದ ಪಟ್ಟುಗಳನ್ನು ಬಿಡಿಬಿಡಿ ಪ್ರದರ್ಶನದ ಪಾಠಕ್ಕೆ ಸೀಮಿತಗೊಳಿಸಿ, ಉಳಿದವನ್ನು ಇಬ್ಬರೂ ಪೂರ್ತಿ ಬಲ ಹಾಕಿ ದಿನವೂ ಸೆಣಸುವಂತೆ ಮಾಡಿದರು. ಪಟ್ಟು ಕಡಿಮೆಯಾಯಿತು, ಪಟ್ಟು ಬಲ್ಲವರು ಹೆಚ್ಚಾದರು. ನಿಯಮ ಇದ್ದಲ್ಲಿ ಮಾತ್ರ ಪೂರ್ತಿ ಪ್ರತಿರೋಧ ಸಾಧ್ಯ, ಪ್ರತಿರೋಧ ಇದ್ದಲ್ಲಿ ಮಾತ್ರ ಕುಶಲತೆ.

ಸೈನ್ಯಗಳಿಗೆ ಕೈಕಾಳಗ ಕಟ್ಟಿಕೊಟ್ಟವರ ಹಿನ್ನೆಲೆ ನೋಡಿ. ಶಾಂಘೈ ಪೊಲೀಸಿನಲ್ಲಿದ್ದು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೋಗಳಿಗೆ ಕಲಿಸಿದ ವಿಲಿಯಂ ಫೇರ್‌ಬೈರ್ನ್ ಕೊಡೊಕಾನ್‌ನಿಂದ ಕಪ್ಪುಪಟ್ಟಿ ಪಡೆದವರು. ಸೋವಿಯತ್ ಸೇನೆಗಾಗಿ ದುಡಿದು ಸ್ಯಾಂಬೋ ಎಂಬ ರಷ್ಯನ್ ಕುಸ್ತಿಗೆ ಬುನಾದಿ ಹಾಕಿದ ವಾಸಿಲಿ ಒಶ್ಚೆಪ್ಕೊವ್ ಕೂಡ ಕೊಡೊಕಾನ್‌ನಲ್ಲೇ ಪಳಗಿದವರು. 1938ರಲ್ಲಿ ಸ್ಯಾಂಬೋ ಅಧಿಕೃತ ಕ್ರೀಡೆಯಾಯಿತು. ಇಸ್ರೇಲಿ ಸೇನೆಗೆ ಕ್ರಾವ್ ಮಗಾ ಕೊಟ್ಟ ಇಮಿ ಲಿಕ್ಟೆನ್‌ಫೆಲ್ಡ್ ಕುಸ್ತಿ, ಬಾಕ್ಸಿಂಗ್ ಎರಡರಲ್ಲೂ ಸ್ಪರ್ಧಿಸಿದವರು. 1995ರಿಂದ ಅಮೆರಿಕದ ರೇಂಜರ್ ಪಡೆಯಲ್ಲಿ ಮ್ಯಾಟ್ ಲಾರ್ಸನ್ ಕೈಕಾಳಗವನ್ನು ಹೊಸದಾಗಿ ಕಟ್ಟಿದಾಗ ಆಧಾರವಾಗಿ ಹಿಡಿದದ್ದು ನೆಲದ ಮೇಲಿನ ಹಿಡಿತಗಳ ಕಲೆಯಾದ ಬ್ರೆಜಿಲಿಯನ್ ಜಿಯು-ಜಿತ್ಸುವನ್ನು; ಸ್ಪರ್ಧೆ ಇದ್ದರೆ ಸೈನಿಕರು ತಾವಾಗಿಯೇ ಅಭ್ಯಾಸ ಮಾಡುತ್ತಾರೆ ಎಂಬುದೂ ಅದಕ್ಕೊಂದು ಕಾರಣ.

ಅಂದರೆ ಸೈನ್ಯದ ಹತ್ತು-ಹನ್ನೆರಡು ಪಟ್ಟುಗಳ ಚುಟುಕು ಪಾಠ, ಕ್ರೀಡೆಯಲ್ಲಿ ವರ್ಷಗಟ್ಟಲೆ ಬೆವರು ಹರಿಸಿದವರು ಭಟ್ಟಿ ಇಳಿಸಿದ ಸಾರ. ಯುದ್ಧದ ತುರ್ತಿನಲ್ಲಿ, ಕೆಲವೇ ವಾರಗಳಲ್ಲಿ, ಕೈಯಲ್ಲಿ ಬಂದೂಕೂ ಇರುವ ಯುವಕರಿಗೆ ಅದು ಸಾಕಿತ್ತು. ಬಂದೂಕಿಲ್ಲದ ನಾಗರಿಕ ಅದೊಂದನ್ನೇ ಕಲಿತರೆ ಸಾರ ಸಿಗುತ್ತದೆ, ಅದು ಇಳಿದುಬಂದ ಬೇರು ಸಿಗುವುದಿಲ್ಲ.

ಎರಡೂ ಕಡೆ ಅಂಟುವ ಕೆಟ್ಟ ರೂಢಿಗಳು

ಕ್ರೀಡೆಯಿಂದ ಬಂದವರ ದೋಷಗಳು ಬೇಗ ಕಣ್ಣಿಗೆ ಬೀಳುತ್ತವೆ. ಜೂಡೋದವರು ಕೆಳಗೆ ಬಿದ್ದಾಗ ಬೋರಲಾಗಿ ಮುದುಡಿ ರೆಫರಿ ನಿಲ್ಲಿಸಲಿ ಎಂದು ಕಾಯುತ್ತಾರೆ. ಅಲ್ಲಿ ಅದು ಜಾಣತನ, ಹೊರಗೆ ಕುತ್ತಿಗೆಯ ಹಿಂಭಾಗವನ್ನು ಒಪ್ಪಿಸಿದಂತೆ. ಜಿಯು-ಜಿತ್ಸುವಿನವರು ಅಂಗಾತ ಮಲಗಿ ಕಾಲುಗಳಿಂದ ಎದುರಾಳಿಯನ್ನು ಹಿಡಿದಿಡಲು ಹೆದರುವುದಿಲ್ಲ, ಆದರೆ ಎರಡನೆಯವನೊಬ್ಬ ಬಂದು ತಲೆಗೆ ಒದ್ದರೆ ಆ ಜಾಗ ಬಲೆಯಾಗುತ್ತದೆ. ಬಾಕ್ಸರ್‌ಗಳಿಗೆ ಸೊಂಟದ ಕೆಳಗೆ ನೋಡುವ ರೂಢಿ ಇಲ್ಲ. ಇವರೆಲ್ಲರಿಗೂ ಸಾಮಾನ್ಯವಾದದ್ದು ಎದುರಾಳಿಯ ಕೈಗಳನ್ನು ಮರೆಯುವುದು. ಕ್ರೀಡೆಯಲ್ಲಿ ಕೈ ಸೊಂಟದತ್ತ ಹೋದರೆ ಏನೂ ಇಲ್ಲ, ಸೈನ್ಯದಲ್ಲಿ ಅದು ಚಾಕು.

ಸೈನ್ಯದ ಶೈಲಿಯ ದೋಷಗಳು ಮರೆಯಲ್ಲಿರುತ್ತವೆ, ಆದ್ದರಿಂದ ಹೆಚ್ಚು ಅಪಾಯ. ದಾಳಿ ಮಾಡುವ ಜೊತೆಗಾರ ಒಂದೇ ಏಟು ಹೊಡೆದು, ಕೈಯನ್ನು ಚಾಚಿದಂತೆಯೇ ನಿಲ್ಲಿಸಿ, ನಿಮ್ಮ ಪಟ್ಟು ಮುಗಿಯುವವರೆಗೆ ಗೊಂಬೆಯಂತೆ ಕಾಯುತ್ತಾನೆ. ನಿಜವಾದ ಏಟು ಹಾವಿನ ನಾಲಗೆಯಂತೆ ಒಳಹೋಗಿ ಮತ್ತೆ ಬರುತ್ತದೆ. ಇನ್ನೊಂದು, ನಕಲಿ ಚಾಕು ಕಸಿದುಕೊಂಡ ಮೇಲೆ ಮುಂದಿನ ಸರದಿಗಾಗಿ ಜೊತೆಗಾರನ ಕೈಗೇ ಅದನ್ನು ಹಿಂತಿರುಗಿಸುವುದು. ದಿನಕ್ಕೆ 50 ಸಲ ಹಾಗೆ ಕೊಟ್ಟರೆ ಕೈಗೆ ಅದೇ ರೂಢಿ. ಕಸಿದ ಆಯುಧ ಹಿಡಿದೇ ಮೂರು ಹೆಜ್ಜೆ ಹಿಂದೆ ಸರಿದು, ಸುತ್ತ ಒಮ್ಮೆ ನೋಡಿ, ನೆಲಕ್ಕಿಟ್ಟು ದೂರ ಸರಿಯಬೇಕು; ಜೊತೆಗಾರ ಬಂದು ಎತ್ತಿಕೊಳ್ಳಲಿ.

ನೆಲದಿಂದ ಏಳುವ ಒಂದು ಕ್ರಮವನ್ನು ಯಾವ ಕಡೆಯವರಾದರೂ ಕಲಿಯಲೇಬೇಕು. ಕುಳಿತ ಸ್ಥಿತಿಯಿಂದ ಬಲಗೈಯನ್ನು ಸೊಂಟದ ಹಿಂದೆ ನೆಲಕ್ಕೆ ಊರಿ, ಎಡಪಾದವನ್ನು ಮಡಚಿ ನೆಲಕ್ಕೆ ಗಟ್ಟಿಯಾಗಿ ಇಡಿ. ಎಡಗೈ ಮುಖದ ಮುಂದೆ ಇರಲಿ. ಬಲಗಾಲಿನಿಂದ ಎದುರಾಳಿಯ ಮಂಡಿಯತ್ತ ಒದ್ದು ಅಂತರ ಮಾಡಿ. ಈಗ ಬಲಗೈ, ಎಡಪಾದ ಇವೆರಡರ ಮೇಲೆ ಮಾತ್ರ ಭಾರ ಹಾಕಿ ಸೊಂಟ ಎತ್ತಿ, ಬಲಗಾಲನ್ನು ಮೈಕೆಳಗಿಂದ ಹಿಂದಕ್ಕೆ ಸೆಳೆದು ಕೈಯ ಹಿಂದೆ ಊರಿ, ಎದ್ದು ನಿಲ್ಲಿ. ಮಾಡುವ ತಪ್ಪು ಎರಡು: ಎದುರಾಳಿಯ ಮೇಲಿನ ಕಣ್ಣು ತೆಗೆದು ನೆಲ ನೋಡುವುದು, ಸೊಂಟ ಸಾಕಷ್ಟು ಎತ್ತದೆ ಕಾಲು ಎಳೆಯಲು ಹೋಗಿ ಮಂಡಿಯ ಮೇಲೆ ಕೂರುವುದು. ಬರಿಮೈಯಲ್ಲಿ ಸಲೀಸಾದ ಮೇಲೆ 10 ಕಿಲೋ ಬೆನ್ನುಚೀಲ ಹಾಕಿ ಇದನ್ನೇ 10 ಸಲ ಮಾಡಿ. ಸೈನ್ಯದ ಪಾಠ ಯಾಕೆ ಬೇರೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದಮ್ಮು ಎರಡು ಬಗೆ

ಪಂದ್ಯದ ಆಟಗಾರ 8ರಿಂದ 12 ವಾರದ ಶಿಬಿರ ಮಾಡುತ್ತಾನೆ. ಭಾರವನ್ನು ಹಂತಹಂತವಾಗಿ ಏರಿಸಿ, ಕೊನೆಯ ವಾರ ಇಳಿಸಿ, ಆ ಒಂದು ಸಂಜೆಗೆ ದೇಹವನ್ನು ಶಿಖರಕ್ಕೆ ತರುತ್ತಾನೆ. ಅಭ್ಯಾಸವೂ ಗಡಿಯಾರದಂತೆ: 3 ನಿಮಿಷ ಪೂರ್ತಿ ಬಿರುಸು, 1 ನಿಮಿಷ ಬಿಡುವು.

ಸೈನಿಕನಿಗೆ ಶಿಖರ ಎಂಬುದಿಲ್ಲ. ನಿದ್ದೆಗೆಟ್ಟ ಎರಡನೆಯ ರಾತ್ರಿ, ನಾಲ್ಕು ಗಂಟೆ ನಡೆದ ಮೇಲೆ, ಹೊಟ್ಟೆ ಖಾಲಿ ಇರುವಾಗ 30 ಸೆಕೆಂಡು ಇದ್ದಷ್ಟೂ ಶಕ್ತಿ ಸುರಿಯಬೇಕಾಗಬಹುದು. ಆದ್ದರಿಂದ ಅವನಿಗೆ ಬೇಕಾದದ್ದು ದೀರ್ಘ ನಡಿಗೆಯ ದಮ್ಮು, ಅದರ ಮೇಲೆ ದಿಢೀರ್ ಸ್ಫೋಟ. ರಿಂಗಿನಲ್ಲಿ ಎಂಟು ಸುತ್ತು ನಿಲ್ಲುವವರೂ ಹೊರೆ ನಡಿಗೆಯಲ್ಲಿ ಕುಸಿಯುತ್ತಾರೆ; ಅವರ ಮೊಣಕಾಲು, ಬೆನ್ನಿನ ಕೆಳಭಾಗ, ಅಂಗಾಲಿನ ಚರ್ಮ ಆ ಕೆಲಸಕ್ಕೆ ಹದಗೊಂಡಿರುವುದಿಲ್ಲ. ತೂಕ ಇಳಿಸಿಕೊಳ್ಳುವ ರೂಢಿಯೂ ಇಲ್ಲಿ ತೊಡಕು. ಮೈಯ ನೀರು ಹಿಂಡಿ ಕೆಳಗಿನ ತೂಕವರ್ಗಕ್ಕೆ ಇಳಿಯುವುದು ಪಂದ್ಯದ ತಂತ್ರ, ತೂಕ ವರ್ಗವೇ ಇಲ್ಲದ ಕಡೆ ಅದು ದೇಹಕ್ಕೆ ಮಾಡುವ ದ್ರೋಹ.

ಹೊರೆ ನಡಿಗೆ ಶುರುಮಾಡುವವರು ದೇಹತೂಕದ ಶೇ 10ರಷ್ಟು ಭಾರ, 4ರಿಂದ 5 ಕಿಲೋಮೀಟರ್ ದೂರ, ವಾರಕ್ಕೆ ಒಮ್ಮೆ, ಇದಕ್ಕಿಂತ ಹೆಚ್ಚಿಗೆ ಹೋಗಬಾರದು. ಒಂದು ವಾರ ಭಾರ ಏರಿಸಿದರೆ ದೂರ ಏರಿಸಬೇಡಿ. ಎರಡನ್ನೂ ಒಟ್ಟಿಗೆ ಏರಿಸಿದವರಿಗೇ ಮುಂಗಾಲಿನ ಎಲುಬಿನಲ್ಲಿ ನವಿರು ಬಿರುಕು ಬರುವುದು. ಭಾರ ಚೀಲದ ಮೇಲ್ಭಾಗದಲ್ಲಿ, ಬೆನ್ನಿಗೆ ಅಂಟಿಕೊಂಡಿರಲಿ. ಹೊರೆ ಹೊತ್ತು ಓಡಬೇಡಿ, ಬಿರುಸಾಗಿ ನಡೆಯಿರಿ.

ಪೆಟ್ಟಿನ ಲೆಕ್ಕ

ಬಾಕ್ಸಿಂಗ್, ಎಂಎಂಎ, ಕಿಕ್‌ಬಾಕ್ಸಿಂಗ್‌ಗಳ ದೊಡ್ಡ ಖರ್ಚು ಮಿದುಳಿನದು. ತಲೆಗವಸು ಚರ್ಮ ಹರಿಯುವುದನ್ನು ತಡೆಯುತ್ತದೆಯೇ ಹೊರತು ಒಳಗೆ ಮಿದುಳು ಅಲುಗುವುದನ್ನಲ್ಲ; 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷ ಬಾಕ್ಸರ್‌ಗಳು ತಲೆಗವಸು ಇಲ್ಲದೆಯೇ ಆಡಿದರು. ಸ್ಪಾರಿಂಗ್‌ಗೆ (ಜೊತೆಗಾರನೊಂದಿಗೆ ಸೆಣಸುವ ಅಭ್ಯಾಸಕ್ಕೆ) 16 ಔನ್ಸ್ ಗ್ಲೌಸ್, ಬಾಯಿಗೆ ಹಲ್ಲಿನ ಅಚ್ಚಿಗೆ ಹೊಂದುವ ಮೌತ್‌ಗಾರ್ಡ್, ವಾರಕ್ಕೆ ಒಂದೇ ದಿನ ಬಿರುಸಿನ ಸ್ಪಾರಿಂಗ್ ಇದ್ದರೆ ಸಾಕು. ಏಟಿಗೆ ಮೂರ್ಛೆ ಹೋದವರು ವೈದ್ಯರು ಸರಿ ಎನ್ನುವವರೆಗೆ ತಲೆಗೆ ಪೆಟ್ಟು ಬೀಳುವ ಯಾವ ಅಭ್ಯಾಸಕ್ಕೂ ಇಳಿಯಬಾರದು. ತಲೆನೋವು, ಬೆಳಕು ಸಹಿಸಲಾಗದಿರುವುದು, ವಾಂತಿ ಬಂದಂತಾಗುವುದು ಕಂಡರೆ ಮೂರ್ಛೆ ಹೋಗದಿದ್ದರೂ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕುಸ್ತಿ, ಜೂಡೋ, ಜಿಯು-ಜಿತ್ಸುವಿನಲ್ಲಿ ತಲೆಗಿಂತ ಮೊಣಕಾಲು, ಭುಜ, ಬೆರಳು, ಕಿವಿಗಳಿಗೆ ಪೆಟ್ಟು ಹೆಚ್ಚು. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತುವ ಹಿಡಿತ ಸರಿಯಾಗಿ ಕೂತರೆ ಸುಮಾರು 10 ಸೆಕೆಂಡಿನಲ್ಲೇ ಪ್ರಜ್ಞೆ ತಪ್ಪುತ್ತದೆ, ಆದ್ದರಿಂದ ಬೇಗ ತಟ್ಟುವುದನ್ನು ನಾಚಿಕೆಯಿಲ್ಲದೆ ರೂಢಿಸಿಕೊಳ್ಳಬೇಕು. ಸೈನ್ಯದ ತರಬೇತಿಯಲ್ಲಿ ಜನ ಹೆಚ್ಚಾಗಿ ಗಾಯಗೊಳ್ಳುವುದು ಕೈಕಾಳಗದಲ್ಲಲ್ಲ, ಓಟ ಮತ್ತು ಹೊರೆಯಲ್ಲಿ.

ಯಾರಿಗೆ ಯಾವುದು

ಸೇನೆಗೆ ಸೇರಲು ಆರೇಳು ತಿಂಗಳು ಉಳಿದಿದ್ದರೆ ಕಾದಾಟದ ತರಗತಿ ನಿಮ್ಮ ಮೊದಲ ಅಗತ್ಯವಲ್ಲ. ವಾರಕ್ಕೆ ಮೂರು ದಿನ ಓಟ, ಎರಡು ದಿನ ಪುಲ್‌ಅಪ್, ದಂಡ, ಬಸ್ಕಿಯಂಥ ಬಲದ ಕಸರತ್ತು, ಒಂದು ಹೊರೆ ನಡಿಗೆ. ಶಕ್ತಿ ಮಿಕ್ಕರೆ ಎರಡು ದಿನ ಕುಸ್ತಿ ಅಥವಾ ಜೂಡೋ. ಪೂರ್ತಿ ಬಿರುಸಿನ ಸ್ಪಾರಿಂಗ್ ಅನ್ನು ಕೊನೆಯ 8 ವಾರ ಬಿಟ್ಟೇಬಿಡಿ. ಮೂಗಿನ ಮೂಳೆಯೋ ಮೊಣಕಾಲಿನ ತಂತುವೋ ಹೋದರೆ ವೈದ್ಯಕೀಯ ಪರೀಕ್ಷೆಯಲ್ಲೇ ಹೊರಗುಳಿಯುವಿರಿ. ಕೈಕಾಳಗವನ್ನು ಸೇನೆ ತನ್ನ ರೀತಿಯಲ್ಲಿ ಕಲಿಸಿಕೊಳ್ಳುತ್ತದೆ.

ಆತ್ಮರಕ್ಷಣೆಗೆ ಕಲಿಯುವವರು ಒಂದು ವರ್ಷವನ್ನು ಕ್ರೀಡೆಗೇ ಕೊಡುವುದು ಒಳ್ಳೆಯದು. ಗುದ್ದಿನ ಕಲೆಯೊಂದು, ಹಿಡಿತದ ಕಲೆಯೊಂದು. ಒಂದೇ ಕಡೆ ಎರಡೂ ಬೇಕಿದ್ದರೆ ಎಂಎಂಎ ಅಥವಾ ಗುದ್ದು-ಒದೆಗಳೂ ಇರುವ ಯುದ್ಧ ಸ್ಯಾಂಬೋ. ಆಮೇಲೆ ಕೆಲವು ವಾರಾಂತ್ಯ ಸನ್ನಿವೇಶ ಆಧಾರಿತ ತರಬೇತಿ ತೆಗೆದುಕೊಳ್ಳಿ: ಬಾಯಿಮಾತಿನಲ್ಲಿ ಜಗಳ ಇಳಿಸುವುದು, ಗೋಡೆಗೆ ಒತ್ತಿದಾಗ ಬಿಡಿಸಿಕೊಳ್ಳುವುದು, ಇಬ್ಬರು ಸುತ್ತುವರಿದಾಗ ಒಬ್ಬನನ್ನು ಇನ್ನೊಬ್ಬನಿಗೆ ಅಡ್ಡವಾಗಿಸುವಂತೆ ನಡೆಯುವುದು, ಓಡುವುದು. ಈ ಕ್ರಮ ತಿರುವುಮುರುವಾದರೆ ಸನ್ನಿವೇಶದ ಪಾಠ ನಾಟಕವಾಗುತ್ತದೆ. ಕಾನೂನಿನ ದೃಷ್ಟಿಯೂ ಇರಲಿ: ಸೈನಿಕನಿಗೆ ಮೇಲಧಿಕಾರಿಯ ಆದೇಶ, ಆಟಗಾರನಿಗೆ ರೆಫರಿ ಇದ್ದಾನೆ, ನಾಗರಿಕನಿಗೆ ಇರುವುದು ನ್ಯಾಯಾಲಯ. ಬಿದ್ದವನಿಗೆ ಮತ್ತೆ ಹೊಡೆದರೆ ಆತ್ಮರಕ್ಷಣೆಯ ಮಾತು ನಿಲ್ಲುವುದು ಕಷ್ಟ.

ಕಾವಲು, ಪೊಲೀಸ್, ಆಸ್ಪತ್ರೆ ಭದ್ರತೆಯಂಥ ಕೆಲಸದಲ್ಲಿರುವವರಿಗೆ ಹೊಡೆತಕ್ಕಿಂತ ಹಿಡಿತ ಮುಖ್ಯ. ಜೂಡೋ, ಕುಸ್ತಿ, ಜಿಯು-ಜಿತ್ಸು ಯಾವುದಾದರೂ ಸರಿ; ಸೊಂಟದಲ್ಲಿ ಆಯುಧವಿದ್ದರೆ ಅದನ್ನು ಉಳಿಸಿಕೊಳ್ಳುವ ಅಭ್ಯಾಸ ಸೈನ್ಯದ ಶೈಲಿಯವರಿಂದಲೇ ಬರಬೇಕು. ಇಲ್ಲಿ ಅಂತರದ ಲೆಕ್ಕ ಜೀವ ಉಳಿಸುತ್ತದೆ. 21 ಅಡಿ ದೂರದಿಂದ ಚಾಕು ಹಿಡಿದು ಓಡಿಬರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಟ್ಟುತ್ತಾನೆ ಎಂದು ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ತೋರಿಸಿದರು. ಒರೆಯಲ್ಲಿರುವ ಪಿಸ್ತೂಲು ತೆಗೆದು ಗುರಿಯಿಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಪದಕ ಬೇಕಾದವರಿಗೆ ಈ ಹೋಲಿಕೆಯೇ ಬೇಡ. ಮಕ್ಕಳಿಗೂ ಅಷ್ಟೇ: ಕ್ರೀಡೆ ಮಾತ್ರ, ಅದರಲ್ಲೂ ತಲೆಗೆ ಏಟಿಲ್ಲದ ಜೂಡೋ ಅಥವಾ ಕುಸ್ತಿ. ನಲವತ್ತು ದಾಟಿ ಹೊಸದಾಗಿ ಶುರುಮಾಡುವವರು ಜಿಯು-ಜಿತ್ಸುವನ್ನು ನಿಧಾನ ಗತಿಯಲ್ಲಿ ಆರಿಸಿಕೊಳ್ಳಬಹುದು. ಎತ್ತಿ ಎಸೆಯುವ ಜೂಡೋದಲ್ಲಿ ಬೀಳುವುದನ್ನು ಕಲಿಯುವ ಮೊದಲೇ ಭುಜ ಹೋಗುವ ಭಯವಿದೆ.

"ಕಮಾಂಡೋ ಶೈಲಿ" ತರಗತಿಗೆ ಸೇರುವ ಮೊದಲು

ಗೋಡೆಯ ಮೇಲಿನ ಹಸಿರು-ಕಂದು ಬಣ್ಣದ ಬಟ್ಟೆ, ತಲೆಬುರುಡೆಯ ಚಿತ್ರ, ಗುರುವಿನ ಸೇನಾ ಸೇವೆಯ ವಿವರ ಇವುಗಳಿಂದ ಏನೂ ತಿಳಿಯದು. ಸೇನೆಯಲ್ಲಿದ್ದವರೆಲ್ಲ ಕೈಕಾಳಗ ಕಲಿಸಬಲ್ಲರು ಎನ್ನುವುದು, ಅಲ್ಲಿ ಊಟ ಮಾಡಿದವರೆಲ್ಲ ಬಾಣಸಿಗರು ಎಂದಂತೆ. ಒಂದು ತರಗತಿಯನ್ನು ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಗಡಿಯಾರ ಹಿಡಿದು ಲೆಕ್ಕ ಹಾಕಿ: 60 ನಿಮಿಷದಲ್ಲಿ ಇಬ್ಬರೂ ಗೆಲ್ಲಲು ಯತ್ನಿಸಿದ ಸಮಯ ಎಷ್ಟು? 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದು ವ್ಯಾಯಾಮದ ತರಗತಿ. "ನಮ್ಮ ಪಟ್ಟು ತುಂಬ ಅಪಾಯ, ಅದಕ್ಕೇ ಸ್ಪಾರಿಂಗ್ ಇಲ್ಲ" ಎಂಬ ಉತ್ತರ ಬಂದರೆ ಎದ್ದು ಬನ್ನಿ. ನಿಜವಾದ ಸೈನ್ಯಗಳೇ ಹಾಗೆ ಹೇಳುವುದಿಲ್ಲ. ಅಮೆರಿಕದ ಕೋರ್ಸಿನ ಮೊದಲ ಹಂತದಲ್ಲಿ, ಗ್ಲೌಸ್ ಹಾಕಿ ನಿಜವಾಗಿಯೇ ಗುದ್ದುತ್ತಿರುವವನ ಹತ್ತಿರ ನುಗ್ಗಿ ಅಪ್ಪಿ ಹಿಡಿಯುವುದು ಕಡ್ಡಾಯ ಅಭ್ಯಾಸ.

ಆ ಅಭ್ಯಾಸವನ್ನು ಯಾವ ಜಿಮ್ಮಿನಲ್ಲಾದರೂ ಮಾಡಬಹುದು. ಒಬ್ಬ 16 ಔನ್ಸ್ ಗ್ಲೌಸ್ ಹಾಕಿ ಅರ್ಧ ಬಲದಲ್ಲಿ ನಿಲ್ಲದೆ ಗುದ್ದಬೇಕು. ಇನ್ನೊಬ್ಬ ಮೌತ್‌ಗಾರ್ಡ್ ಹಾಕಿ, ತಿರುಗಿ ಹೊಡೆಯದೆ, ಗಲ್ಲ ಎದೆಗೊತ್ತಿ, ಎರಡೂ ಮುಂಗೈ ಹಣೆಯ ಮುಂದೆ ತಂದು, ಹಿಂದಿನ ಕಾಲಿನಿಂದ ಒತ್ತಿ ನೇರ ಒಳನುಗ್ಗಿ, ಒಂದು ಕೈ ಎದುರಾಳಿಯ ಕಂಕುಳ ಕೆಳಗೆ, ತಲೆ ಅವನ ಎದೆಗೆ, ಇನ್ನೊಂದು ಕೈ ಅವನ ತೋಳಿಗೆ ತಂದು ಕಟ್ಟಬೇಕು. ಅವಧಿ 1 ನಿಮಿಷ, ನಾಲ್ಕು ಸರದಿ. ಹಿಂದೆ ವಾಲುವವರಿಗೆ ಪೆಟ್ಟು ಬೀಳುತ್ತದೆ. ಕಣ್ಣು ಮುಚ್ಚಿ ನುಗ್ಗುವವರು ಮಂಡಿಗೆ ಎದುರಾಗುತ್ತಾರೆ.

ಚಾಕುವಿನಿಂದ ಬಚಾವಾಗುವುದನ್ನು ಕಲಿಸುತ್ತೇವೆ ಎನ್ನುವ ತರಗತಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ರಬ್ಬರ್ ಚಾಕುವಿನ ಅಲಗಿಗೆ ಲಿಪ್‌ಸ್ಟಿಕ್ ಬಳಿದು, ಇಬ್ಬರೂ ಬಿಳಿ ಅಂಗಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ. ದಾಳಿ ಮಾಡುವವನಿಗೆ ಹೇಳಬೇಕಾದದ್ದು ಇಷ್ಟೇ: ಕೈ ಹಿಂದೆಗೆದುಕೊಳ್ಳಬಹುದು, ಇನ್ನೊಂದು ಕೈಯಿಂದ ಹಿಡಿಯಬಹುದು, ನಿಲ್ಲಿಸು ಎನ್ನುವವರೆಗೆ ನಿಲ್ಲಿಸಬೇಡ. 20 ಸೆಕೆಂಡಾದ ಮೇಲೆ ಅಂಗಿಯ ಮೇಲಿನ ಕೆಂಪು ಗೆರೆಗಳನ್ನು ಎಣಿಸಿ, ಹೊಟ್ಟೆ, ಕುತ್ತಿಗೆ, ಮುಂಗೈಯ ಒಳಭಾಗದ ಗೆರೆಗಳನ್ನು ಬೇರೆ ಬರೆದಿಡಿ. ಅದೇ ಜೋಡಿ ಮೂರು ತಿಂಗಳ ಪಾಠದ ನಂತರ ಮತ್ತೆ ಅದೇ ಅಂಗಿಯಲ್ಲಿ ನಿಲ್ಲಲಿ. ಗೆರೆ ಕಡಿಮೆಯಾಗದಿದ್ದರೆ ತರಗತಿ ಬದಲಿಸಿ.